ಟೀಚರಮ್ಮನ ಕಾರಿನ ಗೇರು

ಮಾರ್ಚ್ ೧೪, ಗುರುವಾರ

ಗೇರ್‌ಬಾಕ್ಸಿನ ಹಲ್ಲು ಸವೆದಿದೆ ಎಂಬ ಕತೆಯನ್ನು ಮೊದಲು ಹೇಳಿದವನು ನನ್ನ ತಮ್ಮ, ಸೋಮವಾರ ಮಧ್ಯಾಹ್ನ. ನಾನೂ ಹೂಂಗುಟ್ಟಿದೆ. ನಮ್ಮ ಗ್ಯಾರೇಜಿಗೆ ಬಂದಿದ್ದದ್ದು ಟೀಚರಮ್ಮನ ತೀರಿಹೋದ ಯಜಮಾನರ ಹಳೇ ಸ್ಪೋರ್ಟ್ಸ್ ಕಾರು. ಗೇರು ಹಾಕಿದರೆ ಕರಕರ ಎನ್ನುತ್ತಿತ್ತು. ಶನಿವಾರದೊಳಗೆ ಸರಿಯಾಗದಿದ್ದರೆ ಮಾರಿಬಿಡುತ್ತೇನೆ ಎಂದಿದ್ದರು ಟೀಚರಮ್ಮ.

ಮರುದಿನ ಬೆಳಗ್ಗೆಯೇ ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದೆವು. ಒಂದು ಹಲ್ಲೂ ಸವೆದಿರಲಿಲ್ಲ. ಬೆನ್ನು ಮುರಿದುಕೊಂಡು ಮತ್ತೆ ಕೂರಿಸಿದೆವು. ಮತ್ತೆ ಅದೇ ಕರಕರ!

ಇಂದು ಸಂಜೆ ರೋಸಿಹೋಗಿ ಎಂಜಿನ್ ಆರಿಸಿ ಗೇರು ಎಳೆದೆ. ಸಲೀಸಾಗಿ ಬಿತ್ತು. ಹಾಗಾದರೆ ಗೇರ್‌ಬಾಕ್ಸಿನದ್ದೇನೂ ತಪ್ಪಿಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಬಗ್ಗಿ ನೋಡಿದರೆ ಕ್ಲಚ್ ಪೆಡಲಿನ ಕೆಳಗೆ ಹಾಸಿಗೆಯಷ್ಟು ದಪ್ಪದ ಹೊಸ ಮ್ಯಾಟು, ಪೆಡಲು ಪೂರ್ತಿ ಕೆಳಗಿಳಿಯಲು ಬಿಡುತ್ತಿಲ್ಲ! ಮೊದಲ ದಿನವೇ ಒಂದು ನಿಮಿಷದಲ್ಲಿ ನೋಡಬಹುದಿತ್ತು.

"ಅಣ್ಣಾ, ನೀನು ಮೂರು ದಿನ ಕಾರಿನ ಕೆಳಗೇ ಮಲಗಿದ್ದೆ, ಒಂದ್ಸಲ ಮೇಲೆ ಕೂತು ನೋಡೋಕಾಗ್ಲಿಲ್ವಾ?" ಎಂದ, ಕತೆ ಕಟ್ಟಿದ ಮಹಾಶಯ.

ಟೀಚರಮ್ಮನಿಗೆ ಫೋನ್ ಮಾಡಿ ರೇಗಿದೆ. ಅವರು ಮೆಲ್ಲಗೆ, "ನಾನೇ ಹೊಲಿದದ್ದು ಕಣಪ್ಪಾ. ನಮ್ಮ ಯಜಮಾನರ ಹಿಮ್ಮಡಿ ತಾಗಿ ತಾಗಿ ಪೆಡಲಿನ ಹಿಂದೆ ನೆಲದಲ್ಲೊಂದು ಗುಳಿ ಬಿದ್ದಿದೆ. ಅದು ಅಳಿಸಿಹೋಗದಿರ್ಲಿ ಅಂತ" ಎಂದರು.

ಇದಕ್ಕೆ ಯಾರ ಮೇಲೆ ರೇಗಲಿ? ಪೆಡಲಿನ ಕೆಳಗಷ್ಟೇ ಮ್ಯಾಟು ಕತ್ತರಿಸಿದರಾಯಿತು, ಗುಳಿ ಮುಚ್ಚಿಕೊಂಡೇ ಇರುತ್ತದೆ. ಕಾರು ಮಾರುವುದು ಬೇಡವೆಂದು ನಾಳೆಯೇ ಹೋಗಿ ಹೇಳಬೇಕು. ಈ ಬೆನ್ನು ಏಳಲು ಬಿಟ್ಟರೆ...