ಒಂದು ಮೊಳೆ ಹೆಚ್ಚು

ಪ್ರೀತಿಯ ದೊಡ್ಡಪ್ಪ,

ನಿಮ್ಮ ಆಟಿಕೆ ರೈಲಿನ ಎಂಜಿನ್ ನಕ್ಷೆಯನ್ನು ಸಂಗ್ರಾಹಕರ ಸಂಘದವರಿಗೆಲ್ಲ ಹಂಚಿದವಳು ನಾನೇ. ವಿದ್ಯೆಗೆ ಬೀಗ ಹಾಕುವುದೇ ಕಳ್ಳತನ ಎಂದು ಕರಪತ್ರವೊಂದರಲ್ಲಿ ಓದಿದ್ದೆ. ಅದನ್ನೇ ನಿಮ್ಮೆದುರು ಹೇಳಿದಾಗಲೆಲ್ಲ ನೀವು ನನ್ನನ್ನು ‘ಭಾಷಣದ ಹುಡುಗಿ’ ಎಂದು ನಗುತ್ತಿದ್ದಿರಿ. ಈಗಲೂ ನಂಬುತ್ತೇನೆ. ಆದರೆ ನಿಮ್ಮನ್ನು ಒಂದು ಮಾತು ಕೇಳಲಿಲ್ಲ.

ಕಾರ್ಖಾನೆಯೊಂದು ಆ ನಕ್ಷೆಯನ್ನು ತನ್ನದೆಂದು ನೋಂದಾಯಿಸಿ, ಇನ್ನು ಆ ಎಂಜಿನ್ ಮಾಡಕೂಡದೆಂದು ನಿಮಗೇ ನೋಟಿಸ್ ಕಳಿಸಿದೆಯಂತೆ. ದೊಡ್ಡಮ್ಮ ಫೋನಿನಲ್ಲಿ ಹೇಳಿದರು:

"ನಿಮ್ಮ ದೊಡ್ಡಪ್ಪ ಏನೂ ಹೆದರಿಲ್ಲ ಕಣೇ. ಎಡಗಡೆ ಬೇಕಂತಲೇ ಒಂದು ಮೊಳೆ ಜಾಸ್ತಿ ಹಾಕಿದಾರಂತೆ. ಕದ್ದವರ ನಕ್ಷೇಲೂ ಅದು ಇದ್ದೇ ಇರುತ್ತೆ, ಸಿಕ್ಕಿಬೀಳ್ತಾರೆ ಅಂತ ನಗ್ತಾ ಕೂತಿದಾರೆ."

ನನಗೆ ನಗು ಬರಲಿಲ್ಲ. ನಿಮಗೆ ಕಣ್ಣು ಮಂಜಾಗಿ ತಪ್ಪಾಗಿದೆ ಎಂದುಕೊಂಡು, ಹಂಚುವ ಮೊದಲು ಆ ಮೊಳೆಯನ್ನು ನಾನೇ ಅಳಿಸಿದ್ದೆ.

ನಾನು ಹತ್ತು ವರ್ಷದವಳಿದ್ದಾಗ ನೀವು ಮಾಡಿಕೊಟ್ಟ ಎಂಜಿನ್ನನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅದರಲ್ಲಿ ಆ ಮೊಳೆ ಇದೆ. ತಳದಲ್ಲಿ ನೀವು ಕೆತ್ತಿದ ತಾರೀಖೂ ನನ್ನ ಹೆಸರೂ ಇವೆ. ವಕೀಲರಿಗೆ ತೋರಿಸಿ. ಅಳಿಸಿದವಳು ನಾನೆಂದು ಎಲ್ಲಿ ಕರೆದರೂ ಬಂದು ಹೇಳುತ್ತೇನೆ.

ಚಕ್ರ ಸ್ವಲ್ಪ ಬಿಗಿಯಾಗಿದೆ, ಎಣ್ಣೆ ಬಿಡಿ. ದೊಡ್ಡಮ್ಮನಿಗೆ ಮೊಳೆ ಅಳಿಸಿದ ವಿಷಯ ನಾನು ಹೇಳಿಲ್ಲ. ಹೇಳುವುದಾದರೆ ನೀವೇ ಹೇಳಿ, ನಾನು ಅಲ್ಲಿಗೆ ಬರುವ ಮುಂಚೆ.

ತಿದ್ದಲು ಹೋಗಿ ಕೆಡಿಸಿದ,
ನಿಮ್ಮ ಭಾಷಣದ ಹುಡುಗಿ