ಅಮ್ಮನ ಮದ್ದಿಗೊಂದು ಬ್ಯಾಟರಿ, ಗಾಡಿಗೊಂದು

ಮನೆಯ ಮುಂಕೋಣೆ,
ಮಾರ್ಚ್ ೧೧, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಪಾದದ ಬಾವು ಇಳಿಯಿತೇ? ಭಾವ ಬೆಟ್ಟದ ಮೇಲಿನ ಮಳೆ-ಗಾಳಿ ಮಾಪಕಗಳನ್ನು ಬಿಟ್ಟು ಅಡುಗೆಮನೆಗೆ ಇಳಿದರೇ? ಏಳನೇ ತಿಂಗಳು ಅಂದರೆ ಒಳಗಿರುವ ಮಹಾಶಯ ಒದೆಯಲು ಶುರುಮಾಡಿರಬೇಕು; ಅದು ಸೋದರಮಾವನ ಕಡೆಯ ಗುಣ ಎಂದು ದೂರಬೇಡ, ಚಿಕ್ಕಂದಿನಲ್ಲಿ ಒದೆ ಕೊಡುತ್ತಿದ್ದವಳು ನೀನು, ತಿನ್ನುತ್ತಿದ್ದವನು ನಾನು. ಹವಾಮಾನ ಕೇಂದ್ರದವಳನ್ನು ‘ಅಲ್ಲಿ ಹವಾ ಹೇಗಿದೆ’ ಎಂದು ಕೇಳಿ ನನ್ನ ಮಾನ ಕಳೆದುಕೊಳ್ಳುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಸಕ್ಕರೆ ಹದ್ದುಬಸ್ತಿನಲ್ಲಿದೆ, ಅಪ್ಪ ಮಾತ್ರ ಹದ್ದುಬಸ್ತಿನಲ್ಲಿಲ್ಲ.

ನಿನ್ನ ಪತ್ರ ಬಂತು. ‘ಅಮ್ಮನನ್ನು ಕರೆತರುವ ಯೋಚನೆ ಬಿಟ್ಟುಬಿಡಿ. ಮೂರು ದಿನದ ದಾರಿ, ರಾತ್ರಿ ತಂಗುವ ಕಡೆ ಕರೆಂಟಿಲ್ಲ, ಇನ್ಸುಲಿನ್ ಬಿಸಿಯಾದರೆ ಅವಳ ಗತಿಯೇನು?’ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಅಮ್ಮ ಮೂಲೆಯ ಟ್ರಂಕಿನಲ್ಲಿ ಕೂಸಿಗೆಂದು ಹೆಣೆದಿಟ್ಟ ಉಣ್ಣೆಯ ಟೋಪಿಗಳನ್ನು ತೆಗೆದಳು, ಮತ್ತೆ ಒಳಗಿಟ್ಟಳು. ಅಮ್ಮ ಬೈದರೆ ನಮಗೆ ಧೈರ್ಯ. ಸುಮ್ಮನಾದರೆ ಮನೆಯೇ ಹೆದರುತ್ತದೆ. ಸಂಜೆ ಅಪ್ಪ ಎದ್ದು ನಿಂತು ಘೋಷಿಸಿದರು: “ಬರೀ ತಂಪಿನ ಪ್ರಶ್ನೆ ತಾನೇ? ನಾನಿದ್ದೀನಲ್ಲ.” ಮೂವತ್ತು ವರ್ಷ ಲಿಫ್ಟ್ ಇನ್ಸ್‌ಪೆಕ್ಟರ್ ಆಗಿ ಬದುಕಿನ ಏರಿಳಿತಗಳನ್ನೆಲ್ಲ ಕಂಡವರು, ಗಾಡಿಯ ಬ್ಯಾಟರಿಯಿಂದ ಓಡುವ ಒಂದು ಪುಟ್ಟ ಫ್ರಿಜ್ಜಿಗೆ ಜಗ್ಗುತ್ತಾರೆಯೇ?

ನೀನು ಬಿಟ್ಟುಹೋದ ಫೋರ್‌ವೀಲ್ ಗಾಡಿ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಇಂಜಿನ್ ಕಲ್ಲಿನಂತೆ ಗಟ್ಟಿಮುಟ್ಟಾಗಿದೆ, ಟೈರು ಪರವಾಗಿಲ್ಲ, ಬ್ಯಾಟರಿ ಮಾತ್ರ ಪೂರ್ತಿ ಹೋಗಿತ್ತು. ಕೀಲಿ ತಿರುಗಿಸಿದರೆ ‘ಟಿಕ್’ ಎಂದು ನಾಲಿಗೆ ಲೊಚಗುಟ್ಟಿ ಸುಮ್ಮನಾಗುತ್ತಿತ್ತು. ಹಾಗಾಗಿ ಹೊಸ ಬ್ಯಾಟರಿ ತರುವ ಹೊಣೆ ನನ್ನ ತಲೆಗೆ ಬಂತು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಿಗೆ ಬ್ಯಾಟರಿ ಬಗ್ಗೆ ಏನು ಗೊತ್ತಿರುತ್ತದೆ? ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತೋರಿಸಿ “ಅದು ಕೊಡಿ” ಎಂದೆ. ತಂದು ನೋಡಿದರೆ ಧನ ತುದಿ ಇರಬೇಕಾದ ಕಡೆ ಋಣ ತುದಿ, ಗಾಡಿಯ ತಂತಿ ಅಲ್ಲಿಗೆ ನಿಲುಕುವುದೇ ಇಲ್ಲ. ಮೇಲಾಗಿ ಬ್ಯಾಟರಿ ಕೂರಬೇಕಾದ ತಟ್ಟೆಯ ಮೇಲೆ ಅದು ಚಿಕ್ಕ ಸ್ಟೂಲಿನ ಮೇಲೆ ಕುಳಿತ ನಮ್ಮ ಸೋದರತ್ತೆಯಂತೆ ನಾಲ್ಕೂ ಕಡೆಗೆ ಹೊರಚಾಚಿಕೊಂಡಿತ್ತು. ವಾಪಸು ಕೊಟ್ಟು, ತಟ್ಟೆಗೆ ಕೂರುವ, ತುದಿಗಳು ಸರಿಯಾದ ಕಡೆ ಇರುವ, ಚಳಿಯಲ್ಲೂ ಡೀಸೆಲ್ ಇಂಜಿನ್ನನ್ನು ಒಂದೇ ಏಟಿಗೆ ತಿರುಗಿಸುವಂಥದ್ದನ್ನು ತಂದೆ. ಗಾಡಿ ಗುಡುಗಿತು. ಅಪ್ಪ ನನ್ನ ಬೆನ್ನು ತಟ್ಟಿದರು. ಆ ಕೈಯ ಗ್ರೀಸು ಇನ್ನೂ ನನ್ನ ಅಂಗಿಯ ಮೇಲಿದೆ.

ಅವತ್ತೇ ಹೊರಟುಬಿಡೋಣ ಎಂದೆ. ಅಪ್ಪ ಕನ್ನಡಕದ ಮೇಲಿಂದ ನೋಡಿದರು. “ಲೋಡ್ ಟೆಸ್ಟ್ ಇಲ್ದೆ ಒಂದು ಲಿಫ್ಟಿಗೂ ನಾನು ಜನ ಹತ್ತಿಸಿದೋನಲ್ಲ. ಹೆಂಡ್ತೀನ ಹತ್ತಿಸ್ತೀನಾ?” ಹೀಗೆ ನಮ್ಮ ಅಂಗಳದ ಪ್ರವಾಸ ಶುರುವಾಯಿತು. ಗಾಡಿಯನ್ನು ಗೇಟಿನ ಬಳಿ ನಿಲ್ಲಿಸಿ, ದಾರಿಯಲ್ಲಿ ಏನೇನು ಉರಿಯುತ್ತದೋ ಅದನ್ನೆಲ್ಲ ಇಲ್ಲೇ ಉರಿಸಬೇಕು: ಫ್ರಿಜ್ಜು, ಒಳಗಿನ ದೀಪ, ಪುಟ್ಟ ಫ್ಯಾನು, ಮೊಬೈಲ್ ಚಾರ್ಜು. ಮನೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಗಾಡಿಯಲ್ಲೇ ಊಟ, ಗಾಡಿಯಲ್ಲೇ ನಿದ್ದೆ. ಪಕ್ಕದ ಮನೆಯ ದಂತವೈದ್ಯೆ ಗೇಟಿನಾಚೆ ನಿಂತು “ಎಲ್ಲಿಗ್ ಹೊರಟ್ರಿ?” ಎಂದರೆ ಅಮ್ಮ ಕಿಟಕಿಯಿಂದಲೇ “ಬಂದ್ಬಿಟ್ಟಿದ್ದೀವಿ ಕಣ್ರೀ, ಜಾಗ ತುಂಬಾ ಚೆನ್ನಾಗಿದೆ” ಎಂದಳು. ಬೆಳಿಗ್ಗೆ ಅಪ್ಪ ಠೀವಿಯಿಂದ ಕೀಲಿ ತಿರುಗಿಸಿದರು. ಟಿಕ್. ಹೊಸ ಬ್ಯಾಟರಿಯ ಸತ್ವವನ್ನೆಲ್ಲ ಫ್ರಿಜ್ಜು ಹೀರಿಬಿಟ್ಟಿತ್ತು. ಗಾಡಿಗೆ ಸೆಲ್ಫ್ ಹೊಡೆಯಲು ಆಗಲಿಲ್ಲ. ಸೆಲ್ಫಿಗೇನೂ ಕೊರತೆಯಿಲ್ಲದ ಅಪ್ಪ ಮಾತ್ರ “ಇದಕ್ಕೇ ಟೆಸ್ಟ್ ಮಾಡೋದು ಅಂದಿದ್ದು” ಎಂದು ಗೆದ್ದವರಂತೆ ಇಳಿದರು.

ಮತ್ತೆ ಅಂಗಡಿಗೆ ಹೊರಟಾಗ ಅಮ್ಮನೂ ಬಂದಳು. ಅಂಗಡಿಯಾಕೆ ಬಾಯಿಗೆ ಬಿಡುವೇ ಕೊಡದ ಹೆಂಗಸು, ಒಂದು ಪ್ರಶ್ನೆಗೆ ನಾಲ್ಕು ಬ್ಯಾಟರಿ ತೋರಿಸುತ್ತಾಳೆ. ಅಪ್ಪನೂ ಅವಳೂ ಆಂಪಿಯರ್ ಎಂದು ಪರಸ್ಪರ ಶಾಕ್ ಕೊಟ್ಟುಕೊಳ್ಳುತ್ತಿರುವಾಗ ಅಮ್ಮ ಕುರ್ಚಿಯಿಂದಲೇ ಕೇಳಿದಳು: “ನಂಗೆ ಎರಡೇ ಗೊತ್ತಾಗ್ಬೇಕು ತಾಯಿ. ಗಾಡಿ ನಿಂತಾಗ ನನ್ ಮದ್ದು ತಂಪಾಗಿರುತ್ತಾ? ಬೆಳಗ್ಗೆ ಗಾಡಿ ಹೊರಡುತ್ತಾ?” ಅಂಗಡಿಯಾಕೆ, “ಎರಡು ಕೆಲಸ ಅಲ್ವಾ ಅಮ್ಮ, ಎರಡು ಬ್ಯಾಟರಿ ಬೇಕು” ಎಂದಳು. ಇಂಜಿನ್ ಎಬ್ಬಿಸುವ ಬ್ಯಾಟರಿ ಒಂದೇ ಉಸಿರಿಗೆ ಅಬ್ಬರಿಸಿ ಮುಗಿಸುತ್ತದೆ. ನಿಧಾನವಾಗಿ ಹಿಂಡಿದರೆ ಬೇಗ ಕೆಡುತ್ತದೆ. ಫ್ರಿಜ್ಜಿಗೆ ಬೇಕಾದದ್ದು ಅಬ್ಬರವಿಲ್ಲದೆ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪವೇ ಕೊಡುತ್ತಾ ಹೋಗುವಂಥದ್ದು, ಖಾಲಿಯಾದರೂ ಮತ್ತೆ ತುಂಬಿಕೊಳ್ಳುವಂಥದ್ದು. ನಾನು ಅಪ್ಪನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, ಈ ವಿಷಯ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗೊತ್ತಿತ್ತಲ್ಲ ಎಂದುಕೊಂಡೆ.

ಹಗುರ ಎಂದು ಅಪ್ಪ ಲಿಥಿಯಂ ಕಡೆಗೆ ವಾಲಿದರು. ಆದರೆ ಅದಕ್ಕೆ ಬಾನೆಟ್ಟಿನ ಕೆಳಗಿನ ಕಾವೂ ಆಗದು, ನೀರು ಹೆಪ್ಪುಗಟ್ಟುವ ನಿಮ್ಮೂರಿನ ಚಳಿಯಲ್ಲಿ ಚಾರ್ಜೂ ಹಿಡಿಯದಂತೆ. ಕಾವಿಗೂ ಸಿಡುಕು, ಚಳಿಗೂ ಮುನಿಸು; ಅಂಥ ಅಳಿಯ ಬೇಡವೆಂದು ಬಿಟ್ಟೆವು. ಕೊನೆಗೆ ಕೊಂಡದ್ದು ಸೀಲ್ ಆದ, ಆಸಿಡ್ ಚೆಲ್ಲದ, ಹೆಚ್ಚು ಹೊತ್ತು ಬಾಳುವ ಭಾರದ ಬ್ಯಾಟರಿ. ಅದನ್ನು ಹಿಂದಿನ ಸೀಟಿನ ಬೆನ್ನಿಗೆ ಬಿಗಿದು ಕೂರಿಸಿದ್ದೇವೆ. ನಡುವೆ ಒಂದು ಡಬ್ಬಿ ಇದೆ: ಇಂಜಿನ್ ಓಡುವಾಗ ಎರಡೂ ಬ್ಯಾಟರಿ ಒಟ್ಟಿಗೆ ಉಣ್ಣುತ್ತವೆ, ಇಂಜಿನ್ ನಿಂತೊಡನೆ ಅದು ಅವೆರಡನ್ನು ಬೇರೆ ಮಾಡುತ್ತದೆ. ಆಮೇಲೆ ಫ್ರಿಜ್ಜು ಎಷ್ಟೇ ಗೋಗರೆದರೂ ಇಂಜಿನ್ನಿನ ಬ್ಯಾಟರಿಯಿಂದ ತೊಟ್ಟೂ ಸಿಗದು.

ಎರಡನೇ ಟೆಸ್ಟಿನಲ್ಲಿ ಬೆಳಿಗ್ಗೆ ಗಾಡಿ ಮೊದಲ ತಿರುವಿಗೇ ಎದ್ದಿತು. ನಾನು ಕುಣಿಯುವುದರಲ್ಲಿದ್ದೆ. ಅಷ್ಟರಲ್ಲಿ ಅಮ್ಮ ಫ್ರಿಜ್ಜು ತೆಗೆದು, ಮದ್ದಿನ ಜಾಗದಲ್ಲಿ ತಾನೇ ಇಟ್ಟಿದ್ದ ನೀರಿನ ಸೀಸೆಯನ್ನು ಎತ್ತಿ ಹಿಡಿದಳು. ಒಳಗೆ ಗಟ್ಟಿ ಮಂಜುಗಡ್ಡೆ. ಅಪ್ಪ ಪ್ರೀತಿ ಜಾಸ್ತಿಯಾಗಿ ತಂಪಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದರು! ಇನ್ಸುಲಿನ್ ಹೆಪ್ಪುಗಟ್ಟಿದರೂ ಹಾಳೇ ತಾನೇ. “ಏನ್ರೀ, ನಂಗೆ ಐಸ್‌ಕ್ಯಾಂಡಿ ಚುಚ್ಚೋಣ ಅಂತಿದ್ರಾ?” ಅಪ್ಪ ಮಧ್ಯಾಹ್ನ ಹೋಗಿ ಥರ್ಮಾಮೀಟರ್ ತಂದರು. ಮೂರನೇ ಸಲ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮುಳ್ಳನ್ನು ನೋಡುತ್ತಿದ್ದ ಆ ಮುಖವನ್ನು ನೀನು ನೋಡಬೇಕಿತ್ತು. ಯಾವ ಲಿಫ್ಟಿನ ಮುಂದೆಯೂ ಅವರು ಅಷ್ಟು ಹೆದರಿರಲಿಲ್ಲ. ಇವತ್ತು ಬೆಳಿಗ್ಗೆ ನೀರು ನೀರಾಗಿಯೇ ಇತ್ತು, ಹಿತವಾಗಿ ತಣ್ಣಗಿತ್ತು, ಗಾಡಿಯೂ ಹೊರಟಿತು. ಅಪ್ಪ ಬಾನೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ‘ಪಾಸ್’ ಎಂದು ಬರೆದರು. ಅಮ್ಮ ಟ್ರಂಕಿನಿಂದ ಟೋಪಿಗಳನ್ನು ಮತ್ತೆ ತೆಗೆದಳು; ಈ ಸಲ ಒಳಗಿಡಲಿಲ್ಲ, ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ನೋಡಿದಳು.

ಆದ್ದರಿಂದ ಅಕ್ಕಾ, ಮದ್ದಿನ ಚಿಂತೆ ನಮಗೆ ಬಿಡು. ನೀನು ಬೇಡ ಎಂದದ್ದು ಅವಳ ಮೇಲಿನ ಕಾಳಜಿಯಿಂದ ಎಂದು ಅಮ್ಮನಿಗೂ ಗೊತ್ತು. ಆದರೂ ಮಗಳು ಕರೆಯದೆ ಹೋಗುವುದು ಹೇಗೆ ಎಂಬ ಬಿಗುಮಾನ ಅವಳದು. ‘ಹೂಂ’ ಎಂದು ಒಂದು ಸಾಲು ಬರೆದರೆ ಸಾಕು. ಸಂಜೆಯ ಅಂಚೆಗೆ ಇದನ್ನು ಹಾಕುತ್ತೇನೆ.

ಅಪ್ಪನ ಆಶೀರ್ವಾದ, ಎಂದಿನಂತೆ ಉಪದೇಶದ ಸಮೇತ: ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿ. ಅಮ್ಮನ ಮುತ್ತು. ಭಾವನಿಗೆ ನನ್ನ ನಮಸ್ಕಾರ, ಒಳಗಿನವರಿಗೆ ಒಂದು ಮೆಲ್ಲನೆಯ ಗುದ್ದು.

ಇಂತು ನಿನ್ನ ತಮ್ಮ,
ಪಿಟೀಲು
(ಅಳುತ್ತಿದ್ದುದಕ್ಕೆ ನೀನಿಟ್ಟ ಹೆಸರು, ಈಗ ಇಷ್ಟುದ್ದ ಕುಯ್ದದ್ದಕ್ಕೂ ಸರಿಹೊಂದುತ್ತದೆ)

ತಾ.ಕ.: ಗುರುವಾರ ಮಧ್ಯಾಹ್ನ, ಗಾಡಿಯ ಬಾಗಿಲಿಗೆ ಕಾಗದ ಒತ್ತಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಅಂಚೆಗೆ ಹೊರಟಿದ್ದವನ ಕೈಯಿಂದ ಅಮ್ಮ ಇದನ್ನು ಕಿತ್ತುಕೊಂಡಳು. “ಇದು ಹೋಗಿ, ಅವಳು ಬರ್ದು, ಅದು ಬರೋ ಹೊತ್ತಿಗೆ ಮಗು ಸ್ಕೂಲಿಗೆ ಹೋಗ್ತಿರುತ್ತೆ. ನಾವೇ ಕೊಡೋಣ ನಡಿ” ಎಂದು ಹತ್ತಿ ಕುಳಿತಳು. ಈಗ ನಿಮ್ಮ ಗೇಟಿನ ಹೊರಗಿದ್ದೇವೆ. ಮದ್ದು ತಂಪಾಗಿದೆ, ಅಮ್ಮ ಚೆನ್ನಾಗಿದ್ದಾಳೆ. ಆದರೆ ಕರೆಯದೆಯೇ ಇಷ್ಟು ದೂರ ನಮ್ಮನ್ನು ಹಾರಿಸಿಕೊಂಡು ಬಂದವಳಿಗೆ ಇಲ್ಲಿ ಬಿಗುಮಾನ ಮರಳಿದೆ: ನೀನು ಕರೆಯುವವರೆಗೆ ಇಳಿಯುವುದಿಲ್ಲವಂತೆ. ಕಾಗದವನ್ನು ಗೇಟಿಗೆ ಬಂದ ಭಾವನ ಕೈಗೆ ಕೊಟ್ಟು ಒಳಗೆ ಕಳಿಸುತ್ತಿದ್ದೇನೆ. ಓಡಿ ಬರಬೇಡ. ಕಿಟಕಿ ತೆಗೆದು ಒಂದು ಸಲ ‘ಅಮ್ಮಾ’ ಅನ್ನು, ಸಾಕು.