ಸೂಟ್‌ಕೇಸ್ ಮೇಲೆ ಹಾರುವವಳು

ಜೂನ್ 2, ಸಂಜೆ

ಇವತ್ತು ನಾಲ್ಕು ಸೂಟ್‌ಕೇಸ್ ಮೇಲೆ ಹಾರಿದೆ. ಮೂರು ಪಾಸ್. ನೀಲಿಯದರ ಮುಚ್ಚಳ ಒಳಗೆ ಹೋಯಿತು, ಅಪ್ಪ ಅದನ್ನು ವಾಪಸ್ ಕಳಿಸಲು ತೆಗೆದಿಟ್ಟರು. ಬ್ಯಾಗ್ ಅಂಗಡಿಗೆ ಬಂದವರಿಗೆಲ್ಲ ಅದೇ ಡೈಲಾಗ್ — "ನನ್ನ ಮಗಳು ಹಾರಿದ್ದಾಳೆ ಸ್ವಾಮಿ, ಏನೂ ಆಗಿಲ್ಲ. ಕಣ್ಮುಚ್ಕೊಂಡು ತಗೊಂಡ್ಹೋಗಿ." ಚಿಕ್ಕವಳಿದ್ದಾಗಿನಿಂದ ನನಗಿದೇ ಡ್ಯೂಟಿ. ಮನೆಯಲ್ಲಿ ಹೆಸರೇ ಮುರುಕಿ.

ಗಿರಾಕಿ ಹೊರಡುವಾಗ ಇನ್ನೊಂದು ಮಾತು: "ಕಾಲೇಜಿಗೆ ಸೇರ್ತಾಳೆ. ಕಂಪ್ಯೂಟರ್!" ಕೂಸು ಹುಟ್ಟುವ ಮುಂಚೆ ಕುಲಾವಿ. ಎಂಜಿನಿಯರಿಂಗ್‌ನಲ್ಲಿ ಯಾವ ಬ್ರ್ಯಾಂಚ್ ಬೇಕು ಅಂತ ತುಂಬಲು ಹದಿನೈದರ ತನಕ ಟೈಮ್ ಇದೆ. ನನಗೋ ಪ್ರೋಗ್ರಾಮಿಂಗ್ ಅಂದರೆ ಆಗುವುದಿಲ್ಲ. ಅಪ್ಪನಿಗೆ ಗೊತ್ತಿಲ್ಲ.

ಜೂನ್ 4

ಕೋಡಿಂಗ್ ಕ್ಲಾಸ್. ಈಗಲೇ ಕೈ ಪಳಗಲಿ ಅಂತ ಅಪ್ಪನೇ ಸೇರಿಸಿದ್ದು. ನನ್ನ ಪ್ರೋಗ್ರಾಂ ಓಡಲಿಲ್ಲ, ಪಕ್ಕದವಳದು ಓಡಿತು. ಅವಳದರಲ್ಲಿ ವಯಸ್ಸು ಕೇಳುವ ಜಾಗಕ್ಕೆ "ಬದನೆಕಾಯಿ" ಅಂತ ಟೈಪ್ ಮಾಡಿದೆ. ಪ್ರೋಗ್ರಾಂ ಕುಸಿದುಬಿತ್ತು! ಆಮೇಲೆ ಇಡೀ ಸಾಲಿನವರದ್ದು ಒಂದೊಂದಾಗಿ ಬೀಳಿಸಿದೆ. ಸರ್ ಸೊಂಟದ ಮೇಲೆ ಕೈ ಇಟ್ಟುಕೊಂಡು, "ನೀನು ಕಲಿಯೋಕೆ ಬರ್ತೀಯೋ ಕೆಡಿಸೋಕೆ ಬರ್ತೀಯೋ?" ಅಂದರು. ಉತ್ತರ ಗೊತ್ತಿತ್ತು. ಮುಂದಿನ ಸಾಲಿನ ಕಡೆ ನೋಡಿದೆ.

ಅದೂ ಅರ್ಧ ಮಜಾನೇ. ಪರದೆಯಲ್ಲಿ ಒಂದು ಕೆಂಪು ಸಾಲು, ಅಷ್ಟೇ. ಮುರಿದರೆ ಸದ್ದಾಗಬೇಕು. ಕೈಗೆ ಚೂರು ಸಿಗಬೇಕು. ಎಲ್ಲಿಂದ ಸೀಳಿತು ಅಂತ ಬೆರಳಾಡಿಸಿ ನೋಡಬೇಕು... ಇಲ್ಲಿ ಬರೀ ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ.

ಜೂನ್ 7

ಕಂಪ್ಯೂಟರ್ ಬೇಡ ಅಂತ ಅಮ್ಮನಿಗೆ ಹೇಳಿದೆ. "ಅವರಿಗೂ ಹೇಳಿಬಿಡೇ. ಹುಲಿನಾ ಅವರು?" ಅಂದಳು.

ಹುಲಿಯಾಗಿದ್ದರೆ ಸುಲಭ ಇತ್ತು. ಅಪ್ಪ ಅಂಗಡಿ ಮುಚ್ಚಿ ಬಂದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಹೇಳುತ್ತಾರೆ — "ನೀನು ಕುರ್ಚಿ ಮೇಲೆ ಕೂತು ಕೆಲ್ಸ ಮಾಡ್ಬೇಕಮ್ಮ. ನನ್ನ ಹಾಗೆ ದಿನವಿಡೀ ನಿಂತು ಕಾಲು ಸವೆಸ್ಬೇಡ." ಇಂಥವರಿಗೆ ಹೇಗೆ ಹೇಳುವುದು? ಎಣ್ಣೆ ಬಾಟಲಿ ಮುಚ್ಚಳ ಹಾಕಿಟ್ಟು ಬಂದೆ.

ಜೂನ್ 11

ಕಾಲೇಜಿನ ಓಪನ್ ಡೇ. ಕಂಪ್ಯೂಟರ್ ವಿಭಾಗದ ಕ್ಯೂ ನೋಡಿಯೇ ಸುಸ್ತು. ಟಾಯ್ಲೆಟ್ ಹುಡುಕಿಕೊಂಡು ನೆಲಮಾಳಿಗೆಗೆ ಇಳಿದೆ. "ಫಟ್!" ಅಂತ ಸದ್ದು. ಕಾಲು ತಾನಾಗಿಯೇ ಆ ಕಡೆ ತಿರುಗಿತು.

ಮೆಟೀರಿಯಲ್ಸ್ ಎಂಜಿನಿಯರಿಂಗ್ ಲ್ಯಾಬ್. ಆಳೆತ್ತರದ ಯಂತ್ರ. ಉಕ್ಕಿನ ಸರಳನ್ನು ಮೇಲೊಂದು ಕಡೆ, ಕೆಳಗೊಂದು ಕಡೆ ಕಚ್ಚಿಕೊಂಡು ಎಳೆಯುತ್ತದೆ. ಮೊದಲು ಸರಳು ಉದ್ದವಾಗುತ್ತದೆ, ನಡು ಸಣ್ಣಗಾಗುತ್ತದೆ, ಆಮೇಲೆ — ಅಬ್ಬಾ, ಏನು ಸದ್ದು! ಲ್ಯಾಬ್ ಮೇಡಮ್ ಚೂರನ್ನು ಕೈಗೆ ಕೊಟ್ಟರು. ಬೆಚ್ಚಗಿತ್ತು. "ಇಲ್ಲೇ ಯಾಕೆ ಮುರೀತು, ಹೇಳು ನೋಡೋಣ?" ಇಷ್ಟು ದಿನ ಯಾರೂ ಕೇಳದ ಪ್ರಶ್ನೆ! ಮಾತಾಡುತ್ತಾ ಟಾಯ್ಲೆಟ್ಟೂ ಮರೆತುಹೋಯಿತು.

"ಮೇಡಮ್, ಪ್ರೋಗ್ರಾಮಿಂಗ್ ಇರುತ್ತಾ?"

"ಇರುತ್ತೆ. ಊಟಕ್ಕೆ ಉಪ್ಪಿನಷ್ಟು."

ಉಪ್ಪಿನಷ್ಟಾದರೆ ತಡೆದುಕೊಳ್ಳುತ್ತೇನೆ. ಮುರಿಯುವುದನ್ನೇ ಕಲಿಸುವ ಕೋರ್ಸ್ ಇದೆ! ಕುಣಿಯಬೇಕು ಅನ್ನಿಸುತ್ತಿದೆ.

ಜೂನ್ 12, ಬೆಳಿಗ್ಗೆ

ಹೇಳಿಬಿಟ್ಟೆ. ಅಪ್ಪ ಬ್ಯಾಗ್‌ಗಳ ಧೂಳು ಒರೆಸುತ್ತಿದ್ದರು.

"ಅಪ್ಪ, ನಾನು ಕಂಪ್ಯೂಟರ್ ತಗೊಳ್ಳಲ್ಲ."

ಕೈ ನಿಂತಿತು. "ಮತ್ತಿನ್ನೇನು?"

"ಸಾಮಾನು ಯಾಕೆ ಮುರಿಯುತ್ತೆ, ಹೇಗೆ ಮುರಿಯುತ್ತೆ... ಮುರಿದು ನೋಡೋದು."

"ಅದನ್ನ ಮನೇಲೇ ಪುಕ್ಕಟೆ ಮಾಡ್ತಿದ್ದೀಯಲ್ಲೇ! ಫೀಸ್ ಬೇರೆ ಕಟ್ಬೇಕಾ?"

ನಾನು ನಕ್ಕೆ. ಅವರು ನಗಲಿಲ್ಲ. "ಎಲ್ಲರಿಗೂ ಹೇಳ್ಬಿಟ್ಟಿದ್ದೀನಲ್ಲಮ್ಮ..." ಮುಖ ಚಿಕ್ಕದಾಯಿತು. ನನಗೆ ಅಳುವೇ ಬಂತು. ನಾಳೆಯೂ ಲ್ಯಾಬ್ ತೆರೆದಿರುತ್ತೆ, ಒಂದೇ ಒಂದು ಸಲ ಬನ್ನಿ ಅಂದೆ. ಒರೆಸಿದ ಬ್ಯಾಗನ್ನೇ ಮತ್ತೆ ಒರೆಸತೊಡಗಿದರು.

ಜೂನ್ 13

ಬಂದರು! ಬರುವಾಗ ಹೊಸ ಸರಕಿನ ಒಂದು ಸೂಟ್‌ಕೇಸ್‌ನ ಹಿಡಿ ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಮೇಡಮ್ ಅದನ್ನೇ ಯಂತ್ರಕ್ಕೆ ಸಿಕ್ಕಿಸಿದರು. ಫಟ್! ಅಪ್ಪ ಹಿಂದಕ್ಕೆ ಜಿಗಿದರು. ಆಮೇಲೆ ಮೆಲ್ಲಗೆ ಬಗ್ಗಿ ಚೂರು ಎತ್ತಿಕೊಂಡು ಬೆರಳಾಡಿಸಿದರು, ಥೇಟ್ ನನ್ನ ಹಾಗೇ.

"ಇನ್ನೊಂದು ನೋಡೋಣ್ವಾ ಮೇಡಮ್?" — ಸೊಂಟದ ಬೆಲ್ಟ್ ಬಿಚ್ಚಿಯೇಬಿಟ್ಟರು! "ನಮ್ಮ ಅಂಗಡೀದೇ. ಎಳೀರಿ, ಏನೂ ಆಗಲ್ಲ!"

ಆಯಿತು. ತುಂಬಾ ಹೊತ್ತು ತಡೆದುಕೊಂಡಿತು ಪಾಪ, ಕೊನೆಗೆ ಎರಡು ತುಂಡು. ಮೇಡಮ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಬಸ್ಸಿನಲ್ಲಿ ಅಪ್ಪನ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಪ್ಯಾಂಟಿನ ಮೇಲೆ. ಸೀಟು ಸಿಕ್ಕರೂ ಕೂರಲಿಲ್ಲ.

"ಆ ಮೇಡಮ್ ದಿನವಿಡೀ ನಿಂತೇ ಇರ್ತಾರೇನೇ?"

"ಹ್ಞೂಂ ಅಪ್ಪ."

"ಮುಖದಲ್ಲಿ ಆಯಾಸಾನೇ ಇಲ್ವಲ್ಲ." ಜಾರುತ್ತಿದ್ದ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡರು. "ಕಂಪ್ಯೂಟರ್ ಅಂತ ಹೇಳಿದ್ನಲ್ಲ, ಅವರಿಗೆಲ್ಲ ನಾನು ಹೇಳ್ಕೋತೀನಿ ಬಿಡು. ನೀನು ಆ ಮೇಡಮ್ ಹಾಗೆ ನಿಂತ್ಕೋ."

ಜೂನ್ 15

ತುಂಬಿಬಿಟ್ಟೆ. ಮೊದಲ ಆಯ್ಕೆ ಮೆಟೀರಿಯಲ್ಸ್. ಕೋಡಿಂಗ್ ಸರ್‌ಗೆ ಇನ್ನು ಬರಲ್ಲ ಅಂದದ್ದಕ್ಕೆ ಕೈ ಕುಲುಕಿದರು. ಇಷ್ಟು ಖುಷಿ ಪಡಬಾರದಿತ್ತು ಅವರು.

ಕೆಳಗೆ ಅಂಗಡಿಯಿಂದ ಅಪ್ಪನ ದನಿ: "ಸುಮ್ಮನೆ ಹಾರೋದಲ್ಲ ಸ್ವಾಮಿ! ಕಾಲೇಜಲ್ಲಿ ಇದನ್ನೇ ಓದ್ತಿದ್ದಾಳೆ!" ಸೀಟೇ ಸಿಕ್ಕಿಲ್ಲ ಇನ್ನೂ. ಮತ್ತೆ ಕುಲಾವಿ.

"ಮುರುಕೀ! ಬಾರೇ, ಎಲ್ಲಕ್ಕಿಂತ ದೊಡ್ಡದು ಬಂದಿದೆ!"

ಗಿರಾಕಿ ಕಾಯುತ್ತಿದ್ದಾರಂತೆ. ಚಪ್ಪಲಿ ಬಿಚ್ಚಿ, ಪೆನ್ನು ಇಟ್ಟು—